ಪತ್ರಿಕೆಯ ಪುಟದಿಂದ ಲಂಡನ್ನಿನ ವೇದಿಕೆಯವರೆಗೆ

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಹೆಸರನ್ನು ಕರೆದ ಸುದ್ದಿ ನಿಮ್ಮೆಲ್ಲರ ಮನೆಗೂ ತಲುಪಿರಬಹುದು. ಆಮೇಲೆ ಪತ್ರಿಕೆಗಳ ಮುಖಪುಟದಲ್ಲಿ ಅವರ ಭಾವಚಿತ್ರವಿತ್ತು. ಹಾಸನದ 77 ವರ್ಷದ ವಕೀಲೆ, ಕನ್ನಡದ ಕತೆಗಾರ್ತಿ. ಅವರ 12 ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕೃತಿಯೊಂದಕ್ಕೆ ಈ ಗೌರವ ಸಂದದ್ದು ಇದೇ ಮೊದಲು. ಸಣ್ಣಕತೆಗಳ ಸಂಕಲನವೊಂದು ಈ ಪ್ರಶಸ್ತಿ ಪಡೆದದ್ದೂ ಇದೇ ಮೊದಲು.

ಅಭಿನಂದನೆಯ ಮಾತುಗಳನ್ನು ಈಗಾಗಲೇ ಎಲ್ಲರೂ ಆಡಿದ್ದಾರೆ. ಪ್ರಿಯ ಓದುಗ ಸಹೋದರಿಯರೇ, ನಾವು ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಕತೆಗಾರ್ತಿ ಬೆಳೆದದ್ದು ಎಲ್ಲಿ? ಅವರ ಬರಹವನ್ನು ಮೊದಲು ಧೈರ್ಯದಿಂದ ಅಚ್ಚು ಹಾಕಿದವರು ಯಾರು? ಅವರ ಜೊತೆಗೆ ಅದೇ ಪುಟಗಳಲ್ಲಿ ಬರೆಯುತ್ತಿದ್ದ ಇನ್ನೊಬ್ಬ ಮುಸ್ಲಿಂ ಗೃಹಿಣಿ ಯಾರು? ಈ ಪ್ರಶ್ನೆಗಳನ್ನು ಕೇಳುತ್ತಾ ಹೋದರೆ ನಾವು ಬಂದು ನಿಲ್ಲುವುದು 1980ರಲ್ಲಿ ಬೆಂಗಳೂರಿನಿಂದ ಹೊರಡಲು ಆರಂಭಿಸಿದ ಒಂದು ವಾರಪತ್ರಿಕೆಯ ಬಾಗಿಲಿಗೆ.

ಅದು 'ಲಂಕೇಶ್ ಪತ್ರಿಕೆ'. ಇಂಗ್ಲಿಷ್ ಅಧ್ಯಾಪಕರಾಗಿದ್ದು, ಕತೆ, ಕವಿತೆ, ನಾಟಕ ಬರೆದು, ಸಿನಿಮಾ ನಿರ್ದೇಶಿಸಿದ್ದ ಪಿ. ಲಂಕೇಶ್ ಇದನ್ನು ಶುರು ಮಾಡಿದರು. ಅದರಲ್ಲಿ ಜಾಹೀರಾತು ಇರಲಿಲ್ಲ. ಓದುಗರು ಕೊಡುವ ಬಿಡಿ ಕಾಸಿನಿಂದಲೇ ಪತ್ರಿಕೆ ನಡೆಯಬೇಕಿತ್ತು. ಒಂದು ಪುಟದಲ್ಲಿ ಮಂತ್ರಿಗಳ ಭ್ರಷ್ಟಾಚಾರದ ವರದಿಯಿದ್ದರೆ ಇನ್ನೊಂದು ಪುಟದಲ್ಲಿ ಕತೆ, ಕವಿತೆ, ಧಾರಾವಾಹಿ. ತನ್ನನ್ನು ಅದು 'ಜಾಣ ಜಾಣೆಯರ ಪತ್ರಿಕೆ' ಎಂದು ಕರೆದುಕೊಳ್ಳುತ್ತಿತ್ತು. 'ಜಾಣೆಯರ' ಎಂಬ ಆ ಒಂದು ಪದವನ್ನು ಗಮನಿಸಿ. ರಾಜಕೀಯದ ಪತ್ರಿಕೆ ಗಂಡಸರಿಗೆ, ಅಡುಗೆ-ಹೊಲಿಗೆಯ ಪುಟ ಹೆಂಗಸರಿಗೆ ಎಂದು ಪಾಲು ಮಾಡಿಟ್ಟಿದ್ದ ಕಾಲವದು. ಪೂರ್ಣಚಂದ್ರ ತೇಜಸ್ವಿಯವರಂಥ ಹೆಸರಾಂತರು ಬರೆಯುತ್ತಿದ್ದ ಜಾಗದಲ್ಲೇ, ಅದುವರೆಗೆ ಒಂದಕ್ಷರವನ್ನೂ ಅಚ್ಚಿನಲ್ಲಿ ಕಾಣದಿದ್ದ ಹೆಣ್ಣುಮಕ್ಕಳಿಗೂ ಸ್ಥಳ ಸಿಕ್ಕಿತು. ಲಂಬಾಣಿ ಸಮುದಾಯದಿಂದ ಬಂದ ಬಿ.ಟಿ. ಲಲಿತಾ ನಾಯಕ್ ಅಲ್ಲಿ ಬರೆದರು. ಮುಂದೆ ಅವರು ರಾಜ್ಯದ ಮಂತ್ರಿಯೂ ಆದರು.

ಆ ಬಾಗಿಲಿನಿಂದ ಒಳಗೆ ಬಂದವರಲ್ಲಿ ಒಬ್ಬರು ಸಾರಾ ಅಬೂಬಕ್ಕರ್.

1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅವರ ಬಗ್ಗೆ ಕರಾವಳಿಯ ಓದುಗರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರುವ ಮೊದಲು ಅದು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಮನೆಯಲ್ಲಿ ಆಡುವುದು ಮಲಯಾಳಂ, ಶಾಲೆಯಲ್ಲಿ ಕಲಿಯುವುದು ಕನ್ನಡ. ಮುಸ್ಲಿಂ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಸಾರಾ ಶಾಲೆ ಕಲಿತರು. ಮುಂದೆ ಓದುವ ಆಸೆಯಿತ್ತು, ಆದರೆ ಮದುವೆಯಾಯಿತು. ನಾಲ್ವರು ಗಂಡುಮಕ್ಕಳಾದರು. ಓದುವ ಹಸಿವನ್ನು ಗ್ರಂಥಾಲಯದ ಪುಸ್ತಕಗಳಿಂದ ತೀರಿಸಿಕೊಂಡರು. ಮನೆಗೆಲಸ ಮುಗಿಸಿ ಓದುತ್ತಾ ಓದುತ್ತಾ ವರ್ಷಗಳೇ ಉರುಳಿದವು.

1981ರಲ್ಲಿ ಅವರ ಮೊದಲ ಲೇಖನ ಲಂಕೇಶ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರಿಗೆ 45 ವರ್ಷ! ಮಕ್ಕಳು ದೊಡ್ಡವರಾದ ಮೇಲೆ ಇನ್ನೇನು ಬರೆಯುವುದು ಎಂದು ಪೆನ್ನು ಮುಚ್ಚಿಟ್ಟವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ಸಾರಾ ಪೆನ್ನು ತೆರೆದದ್ದೇ ಆ ವಯಸ್ಸಿನಲ್ಲಿ. ಲೇಖನದ ಬೆನ್ನಿಗೇ ಅವರ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು.

ನಾದಿರಾ ಎಂಬ ಹುಡುಗಿಯ ಕತೆ ಅದು. ಗಂಡ ರಶೀದನ ಜೊತೆ ಅವಳಿಗೆ ಯಾವ ಜಗಳವೂ ಇಲ್ಲ. ಜಗಳವಿರುವುದು ಅವಳ ತಂದೆಗೂ ಅಳಿಯನಿಗೂ ನಡುವೆ. ತಂದೆಯ ಹಠದಿಂದ ತಲಾಕ್ ಆಗುತ್ತದೆ. ಮತ್ತೆ ಗಂಡನನ್ನು ಸೇರಬೇಕೆಂದರೆ ಅವಳೆದುರು ಇನ್ನೊಬ್ಬನ ಮನೆಗೆ ಒಂದು ರಾತ್ರಿಯ ಹೆಂಡತಿಯಾಗಿ ಹೋಗಿ ಬರಬೇಕೆಂಬ ಕಟ್ಟಳೆ ನಿಲ್ಲುತ್ತದೆ. ಆಮೇಲೆ ಏನಾಗುತ್ತದೆ ಎಂದು ಹೇಳಿ, ಓದದವರ ಕುತೂಹಲವನ್ನು ನಾವು ಕೆಡಿಸುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು. ಪುಸ್ತಕದ ಬಗ್ಗೆ ಕೇಳಿದ ಮಾತಿನಿಂದ ಸಿಟ್ಟಾದವರು ಪುಸ್ತಕವನ್ನು ಓದಿ ನೋಡಬೇಕು. ನಾದಿರಾಳ ಬದುಕನ್ನು ಮುರಿದದ್ದು ಮಗಳ ಒಪ್ಪಿಗೆಯನ್ನು ಕೇಳಲೇಬಾರದೆಂದುಕೊಂಡ ಒಬ್ಬ ತಂದೆಯ ಮೊಂಡುತನ. ಅಂಥ ತಂದೆಯಂದಿರನ್ನು ನಾವೂ ನೀವೂ ಕಂಡಿಲ್ಲವೇ?

ವಿರೋಧ ಬಂತು. ನಮ್ಮವರಿಂದಲೇ ಬಂತು. ಮನೆಯ ಮಾತನ್ನು ಬೀದಿಗೆ ತಂದಳು ಎಂಬುದು ಸಾರಾ ಬದುಕಿನುದ್ದಕ್ಕೂ ಕೇಳಬೇಕಾಗಿ ಬಂದ ಆರೋಪ. ಅವರ ಸ್ವಭಾವ ಎಂಥದ್ದೆಂದರೆ, ಆ ಆರೋಪವನ್ನು ಕೇಳಿಸಿಕೊಂಡೇ ಮುಂದಿನ ಪುಸ್ತಕ ಬರೆದರು. 'ಸಹನಾ', 'ವಜ್ರಗಳು', 'ಚಪ್ಪಲಿಗಳು' ಹೀಗೆ ಕಾದಂಬರಿ, ಕತೆಗಳು ಒಂದರ ಹಿಂದೊಂದು ಬಂದವು. ಮಲಯಾಳಂನಿಂದ ಅನುವಾದಗಳನ್ನೂ ಮಾಡಿದರು. 1994ರಲ್ಲಿ ಸ್ವಂತ ಪ್ರಕಾಶನವನ್ನೇ ಶುರು ಮಾಡಿ ಅದಕ್ಕೆ 'ಚಂದ್ರಗಿರಿ' ಎಂದು ಹೆಸರಿಟ್ಟರು. ಈ ಸಂಗತಿಯ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಕಾಗದದ ಲೆಕ್ಕ, ಅಚ್ಚಿನ ಖರ್ಚು, ಅಂಗಡಿಯಿಂದ ಬರಬೇಕಾದ ಬಾಕಿ, ಇವೆಲ್ಲ ಪ್ರಕಾಶಕರ ಪಾಲಿನ ಕೆಲಸಗಳು. ಮಂಗಳೂರಿನ ಮನೆಯಲ್ಲಿದ್ದುಕೊಂಡು ಆ ಭಾರವನ್ನು ಹೊತ್ತ ಹೆಣ್ಣುಮಗಳು ಅವರು. 2006ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. 'ಚಂದ್ರಗಿರಿಯ ತೀರದಲ್ಲಿ' ವನಮಾಲಾ ವಿಶ್ವನಾಥ ಅವರ ಅನುವಾದದಲ್ಲಿ ಇಂಗ್ಲಿಷಿಗೂ ಹೋಯಿತು. 2023ರ ಜನವರಿ 10ರಂದು ಸಾರಾ ತೀರಿಕೊಂಡರು. ಕನ್ನಡದಲ್ಲಿ ಬರೆಯುವ ಇನ್ನೊಬ್ಬ ಮುಸ್ಲಿಂ ಹೆಣ್ಣುಮಗಳು ಲಂಡನ್ನಿನ ವೇದಿಕೆ ಏರಿದ್ದನ್ನು ನೋಡಲು ಅವರಿಗೆ ಇನ್ನೂ ಎರಡು ವರ್ಷ ನಾಲ್ಕು ತಿಂಗಳ ಆಯುಸ್ಸು ಬೇಕಿತ್ತು.

ಈಗ ಹಾಸನಕ್ಕೆ ಬರೋಣ.

ಬಾನು ಮುಷ್ತಾಕ್ ಹುಟ್ಟಿದ್ದು 1948ರಲ್ಲಿ. ಮನೆಮಾತು ದಖನಿ ಉರ್ದು. ಎಂಟು ವರ್ಷದ ಬಾನುವನ್ನು ಶಿವಮೊಗ್ಗದ ಮಿಷನರಿಗಳ ಕನ್ನಡ ಶಾಲೆಗೆ ಸೇರಿಸಿದಾಗ, ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕು ಎಂದು ಷರತ್ತು ಹಾಕಿದರಂತೆ. ಆ ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು! ಸಾರಾ ಅವರ ಮನೆಯಲ್ಲಿ ಮಲಯಾಳಂ, ಬಾನು ಅವರ ಮನೆಯಲ್ಲಿ ಉರ್ದು, ಇಬ್ಬರೂ ಬರೆದದ್ದು ಶಾಲೆ ಕಲಿಸಿದ ಕನ್ನಡದಲ್ಲಿ. ನಮ್ಮ ಓದುಗರಲ್ಲಿ ಬಹಳ ಮಂದಿಯ ಸ್ಥಿತಿಯೂ ಇದೇ ತಾನೆ? ಅಮ್ಮನ ಜೊತೆ ಬ್ಯಾರಿ, ಅತ್ತೆಯ ಜೊತೆ ಉರ್ದು, ಮಕ್ಕಳ ಶಾಲೆಯ ಡೈರಿಗೆ ಕನ್ನಡದಲ್ಲಿ ಸಹಿ. ಇದನ್ನು ಒಂದು ಕೊರತೆಯೆಂದು ತಿಳಿದುಕೊಂಡವರಿದ್ದಾರೆ. ಈ ಇಬ್ಬರ ಕತೆಗಳಿಗೆ ರುಚಿ ಬಂದದ್ದೇ ಆ ಬೆರಕೆಯಿಂದ.

ಬಾನು ಅವರ ಮೊದಲ ಕತೆ ಬಂದದ್ದು 'ಪ್ರಜಾಮತ' ಪತ್ರಿಕೆಯಲ್ಲಿ. ಲಂಕೇಶ್ ಪತ್ರಿಕೆಗೆ ಅವರು ಬಂದದ್ದು ಒಂದು ಸುದ್ದಿಯ ನೆಪದಲ್ಲಿ. ಈಗಿನ ವಿಜಯಪುರ, ಆಗಿನ ಬಿಜಾಪುರದಲ್ಲಿ ಮುಸ್ಲಿಂ ಹೆಂಗಸರು ಚಿತ್ರಮಂದಿರಕ್ಕೆ ಹೋಗಕೂಡದು ಎಂದು ಕೆಲವರು ನಿರ್ಬಂಧ ಹೇರಿದ್ದರು. ಗಂಡಸರಿಗಿಲ್ಲದ ನಿರ್ಬಂಧ ಹೆಂಗಸರಿಗೆ ಮಾತ್ರ ಏಕೆ ಎಂದು ಪ್ರಶ್ನಿಸಿ ಬಾನು ಬರೆದರು. ಲೇಖನ ಪ್ರಕಟವಾಯಿತು. ಬಳಿಕ ಸುಮಾರು ಒಂದು ದಶಕ ಅವರು ಆ ಪತ್ರಿಕೆಯ ವರದಿಗಾರ್ತಿಯಾಗಿ ದುಡಿದರು. ವರದಿಗಾರ್ತಿಯ ಕೆಲಸವೆಂದರೆ ನಾಲ್ಕು ಜನರ ಮನೆಗೆ ಹೋಗಬೇಕು, ಕಚೇರಿಗಳ ಬಾಗಿಲು ಬಡಿಯಬೇಕು, ಹೇಳಿದ್ದನ್ನು ತಪ್ಪಿಲ್ಲದೆ ಬರೆದುಕೊಳ್ಳಬೇಕು. ಆಮೇಲೆ ವಕೀಲಿಯಲ್ಲಿ ತೊಡಗಿದರು. ಅವರ ಕತೆಗಳಲ್ಲಿ ಹೆಂಗಸರು ಮಾತನಾಡುವುದನ್ನು ಓದಿದರೆ ಈ ಎರಡು ಉದ್ಯೋಗಗಳ ಗುರುತು ಕಾಣುತ್ತದೆ ಎಂದು ನಮಗನಿಸುತ್ತದೆ. ಕೇಳಿಸಿಕೊಳ್ಳುವ ಅಭ್ಯಾಸವಿಲ್ಲದವರಿಗೆ ಅಂಥ ಸಂಭಾಷಣೆ ಬರೆಯಲು ಬಾರದು.

'ಹೆಜ್ಜೆ ಮೂಡಿದ ಹಾದಿ', 'ಬೆಂಕಿ ಮಳೆ', 'ಎದೆಯ ಹಣತೆ', 'ಸಫೀರಾ' ಹೀಗೆ ಒಟ್ಟು ಆರು ಕಥಾ ಸಂಕಲನಗಳು, ಒಂದು ಕಾದಂಬರಿ, ಜೊತೆಗೆ ಕವಿತೆ, ಪ್ರಬಂಧಗಳು ಬಂದವು. 'ಕರಿ ನಾಗರಗಳು' ಎಂಬ ಕತೆಯನ್ನು ಗಿರೀಶ್ ಕಾಸರವಳ್ಳಿ 'ಹಸೀನಾ' ಎಂಬ ಚಿತ್ರ ಮಾಡಿದರು. ಆ ಚಿತ್ರದ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನಿಮಗೆ ನೆನಪಿರಬಹುದು.

ನಡುವೆ ಕಹಿಯೂ ಇತ್ತು. ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದು ಬಾನು 2000ರಲ್ಲಿ ಹೇಳಿದ್ದಕ್ಕೆ ಅವರ ಕುಟುಂಬ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಎದುರಿಸಿತು. ಬೆದರಿಕೆಗಳು ಬಂದವು. ಒಬ್ಬ ಚಾಕು ಹಿಡಿದು ಬಂದ. ಅವರ ಎಲ್ಲ ಅಭಿಪ್ರಾಯಗಳನ್ನು ಎಲ್ಲರೂ ಒಪ್ಪಬೇಕೆಂದೇನೂ ಇಲ್ಲ. ಆದರೆ ಒಂದು ಮಾತಿಗೆ ಉತ್ತರ ಇನ್ನೊಂದು ಮಾತಾಗಿರಬೇಕು. ಪಕ್ಕದ ಮನೆಯವರು ಮಾತು ಬಿಟ್ಟ ಮೂರು ತಿಂಗಳು ಎಷ್ಟು ದೀರ್ಘವಾಗಿರುತ್ತದೆ ಎಂದು ಊಹಿಸಿಕೊಳ್ಳಿ. ಪ್ರಶಸ್ತಿ ಬಂದ ದಿನ ಸಿಹಿ ಹಂಚಿದ ನಾವು ಅದನ್ನೂ ನೆನಪಿಟ್ಟುಕೊಳ್ಳಬೇಕಾಗುತ್ತದೆ. 25 ವರ್ಷಗಳ ನಂತರ, 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಸರಕಾರ ಅವರನ್ನು ಕರೆದಾಗ ಈ ಬಾರಿ ಬೇರೆ ಕಡೆಯಿಂದ ಆಕ್ಷೇಪ ಎದ್ದಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ ವಜಾ ಆಯಿತು. ಸೆಪ್ಟೆಂಬರ್ 22ರಂದು ಅವರು ದಸರಾ ಉದ್ಘಾಟಿಸಿದರು.

ಹಾಗಾದರೆ ಹಾಸನದ ಕತೆಗಳು ಲಂಡನ್ನಿಗೆ ತಲುಪಿದ್ದು ಹೇಗೆ? ಇಲ್ಲಿ ಮಡಿಕೇರಿಯ ದೀಪಾ ಭಾಸ್ತಿ ಬರುತ್ತಾರೆ. ಶಿವರಾಮ ಕಾರಂತರನ್ನೂ ಕೊಡಗಿನ ಗೌರಮ್ಮನವರನ್ನೂ ಇಂಗ್ಲಿಷಿಗೆ ತಂದವರು ಅವರು. ಗೌರಮ್ಮ 1939ರಲ್ಲಿ, ಇನ್ನೂ 30 ತುಂಬುವ ಮೊದಲೇ ನೀರುಪಾಲಾದ ಕತೆಗಾರ್ತಿ. ದೀಪಾ 1990ರಿಂದ 2023ರವರೆಗಿನ ಬಾನು ಅವರ ಕತೆಗಳಿಂದ 12ನ್ನು ಆರಿಸಿಕೊಂಡರು. ಅನುವಾದಕ್ಕೆ 2024ರಲ್ಲಿ ಇಂಗ್ಲಿಷ್ ಪೆನ್ ಸಂಸ್ಥೆಯ ಪುರಸ್ಕಾರ ಸಿಕ್ಕಿತು. ಇಂಗ್ಲೆಂಡಿನ 'ಆ್ಯಂಡ್ ಅದರ್ ಸ್ಟೋರೀಸ್' ಎಂಬ ಸಣ್ಣ ಪ್ರಕಾಶನ ಪುಸ್ತಕವನ್ನು ಹೊರತಂದಿತು. ಇಂಗ್ಲಿಷಿಗೆ ಅನುವಾದವಾಗಿ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾದ ಪುಸ್ತಕವಷ್ಟೇ ಈ ಪ್ರಶಸ್ತಿಯ ಸ್ಪರ್ಧೆಗೆ ನಿಲ್ಲಬಹುದು. 50,000 ಪೌಂಡುಗಳ ಬಹುಮಾನವನ್ನು ಲೇಖಕರಿಗೂ ಅನುವಾದಕರಿಗೂ ಸರಿಸಮವಾಗಿ ಹಂಚುತ್ತಾರೆ. ಅನುವಾದಕರ ಹೆಸರನ್ನು ಒಳಪುಟದ ಮೂಲೆಯಲ್ಲಿ ಹಾಕುವ ನಮ್ಮ ಪ್ರಕಾಶಕರು ಇದನ್ನು ಗಮನಿಸಬೇಕು.

ದೀಪಾ ಮಾಡಿದ ಒಂದು ಕೆಲಸ ನಮಗೆ ಬಹಳ ಹಿಡಿಸಿತು. ಕತೆಗಳಲ್ಲಿ ಬರುವ ಕನ್ನಡ, ಉರ್ದು, ಅರಬಿ ಪದಗಳನ್ನು ಅವರು ಹಾಗೆಯೇ ಉಳಿಸಿಕೊಂಡರು. ಇದು ಪರಭಾಷೆಯ ಪದವೆಂದು ತೋರಿಸಲು ಅಕ್ಷರಗಳನ್ನು ಓರೆಯಾಗಿಸಲಿಲ್ಲ, ಪುಟದ ಕೆಳಗೆ ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ನಾವು ಇಂಗ್ಲಿಷ್ ಕಾದಂಬರಿ ಓದುವಾಗ ಅವರ ಊಟ-ತಿಂಡಿಗಳ ಹೆಸರನ್ನು ಯಾರೂ ನಮಗೆ ಬಿಡಿಸಿ ಹೇಳಿರಲಿಲ್ಲ ಅಲ್ಲವೇ? ನಾವೇ ಅರ್ಥ ಮಾಡಿಕೊಂಡೆವು. ಇನ್ನು ಅವರೂ ಅರ್ಥ ಮಾಡಿಕೊಳ್ಳಲಿ!

ಪಿ. ಲಂಕೇಶ್ 2000ದ ಜನವರಿಯಲ್ಲಿ ತೀರಿಕೊಂಡರು. ನಂತರ ಪತ್ರಿಕೆಯ ಹೊಣೆ ಹೊತ್ತ ಮಗಳು ಗೌರಿ ಮುಂದೆ ತಮ್ಮದೇ ಪತ್ರಿಕೆ ನಡೆಸಿದರು. 2017ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯೆದುರೇ ಗುಂಡಿಗೆ ಬಲಿಯಾದರು. ಆದರೆ ಆ ಪುಟಗಳಲ್ಲಿ ಬರೆಯಲು ಕಲಿತವರ ಪುಸ್ತಕಗಳು ಇಂದಿಗೂ ಅಂಗಡಿಯಲ್ಲಿವೆ, ಹೊಸ ಓದುಗರನ್ನು ಪಡೆಯುತ್ತಿವೆ.

ಒಂದು ವಿನಂತಿಯಿದೆ. 'ಹಾರ್ಟ್ ಲ್ಯಾಂಪ್' ಕೊಳ್ಳಲು ಇಂಗ್ಲಿಷ್ ಬರಬೇಕೆಂದಿಲ್ಲ. ಆ ಕತೆಗಳೆಲ್ಲ ಮೊದಲು ಹುಟ್ಟಿದ್ದು ನಮ್ಮ ಭಾಷೆಯಲ್ಲೇ. ಊರಿನ ಗ್ರಂಥಾಲಯದಲ್ಲಿ ಬಾನು ಅವರ ಸಂಕಲನಗಳನ್ನು ಕೇಳಿ. ಇಲ್ಲವೆಂದರೆ ಬೇಡಿಕೆಯ ಪುಸ್ತಕದಲ್ಲಿ ಹೆಸರು ಬರೆದು ಬನ್ನಿ. ಹಾಗೆಯೇ ಸಾರಾ ಅವರ ಆತ್ಮಕತೆ 'ಹೊತ್ತು ಕಂತುವ ಮುನ್ನ' ಮತ್ತು 'ಚಂದ್ರಗಿರಿಯ ತೀರದಲ್ಲಿ' ಎರಡನ್ನೂ ಕೇಳಿ. ಎರಡನೆಯದು ಸಣ್ಣ ಪುಸ್ತಕ. ಮಕ್ಕಳು ಶಾಲೆಗೆ ಹೋದ ಮೇಲೆ ಹಿಡಿದರೆ ಅವರು ಮರಳುವ ಹೊತ್ತಿಗೆ ಮುಗಿಯುತ್ತದೆ. ಆ ದಿನ ಮಧ್ಯಾಹ್ನದ ಸಾರು ಸ್ವಲ್ಪ ತಳ ಹಿಡಿದರೆ ನಮ್ಮನ್ನು ದೂರಬೇಡಿ.