ಐಟಿ ಪ್ರಮಾಣಪತ್ರ ಮತ್ತು ಕಾರ್ಯಾನುಭವ: ನೇಮಕಾತಿಗೆ ಮುನ್ನ ಅರಿಯಬೇಕಾದ ಅಂಶಗಳು

ದಾಸ್ತಾನು ಲೆಕ್ಕದಿಂದ ಜಿಎಸ್‌ಟಿ ರಿಟರ್ನ್ ಸಲ್ಲಿಕೆಯವರೆಗೆ ಸಣ್ಣ ಉದ್ದಿಮೆಗಳ ವ್ಯವಹಾರ ಇಂದು ಗಣಕಯಂತ್ರವನ್ನೇ ಅವಲಂಬಿಸಿದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ದಿಮೆಗಳು ಇತರ ಉದ್ದಿಮೆಗಳಿಗೆ ಮಾಡುವ ಮಾರಾಟಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಸರ್ವರ್ ಅರ್ಧ ದಿನ ಕೆಟ್ಟು ನಿಂತರೆ ಗೋದಾಮಿನಲ್ಲಿ ಲಾರಿಯೂ ನಿಲ್ಲುತ್ತದೆ. ಆದ್ದರಿಂದಲೇ ಈ ವ್ಯವಸ್ಥೆಯನ್ನು ನೋಡಿಕೊಳ್ಳಲು ಯಾರನ್ನು ನೇಮಿಸಬೇಕೆಂಬುದು ಮಾಲೀಕರಿಗೆ ಮಹತ್ವದ ಪ್ರಶ್ನೆ. ಬರುವ ಅರ್ಜಿಗಳಲ್ಲಿ ಹಲವು ಪ್ರಮಾಣಪತ್ರಗಳಿದ್ದು, ಒಂದು ದಿನದ ಕೆಲಸದ ಅನುಭವವೂ ಇಲ್ಲದವು ಕಡಿಮೆಯೇನಲ್ಲ. ಇವುಗಳಿಗೆ ಎಷ್ಟು ಬೆಲೆ ಕೊಡಬೇಕು?

ಪ್ರಮಾಣಪತ್ರ ಏನನ್ನು ತಿಳಿಸುತ್ತದೆ?

ನಿಗದಿತ ಪಠ್ಯಕ್ರಮವನ್ನು ಅಭ್ಯರ್ಥಿಯು ಪರೀಕ್ಷೆಯ ದಿನ ತಿಳಿದಿದ್ದನೆಂಬುದನ್ನು ಪ್ರಮಾಣಪತ್ರ ತಿಳಿಸುತ್ತದೆ. ಇದು ಅಲ್ಪವಲ್ಲ. ಸಿಸ್ಕೋ ಸಂಸ್ಥೆಯ ಸಿಸಿಎನ್ಎ ಪರೀಕ್ಷೆಗೆ ಪ್ರಾಮಾಣಿಕವಾಗಿ ಓದಿದವನಿಗೆ ನೆಟ್‌ವರ್ಕಿನ ಮೂಲತತ್ವಗಳು ತಿಳಿದಿರುತ್ತವೆ; ಶ್ರದ್ಧೆಯಿಂದ ಕಲಿಯಬಲ್ಲನೆಂಬುದಕ್ಕೂ ಅದು ಸಾಕ್ಷಿ. ಆದರೆ ಅದರ ಮಾನ್ಯತೆ 3 ವರ್ಷ ಮಾತ್ರ.

ಬ್ಯಾಕಪ್‌ನಲ್ಲಿ ಎಷ್ಟು ವಿಧವೆಂದು ಪರೀಕ್ಷೆ ಕೇಳುತ್ತದೆ. ನಿನ್ನೆ ರಾತ್ರಿ ತೆಗೆದ ಬ್ಯಾಕಪ್ ನಿಜಕ್ಕೂ ತೆರೆಯುತ್ತದೆಯೇ ಎಂದು ನೋಡುವ ಅಭ್ಯಾಸ ಕೆಲಸದಿಂದ ಬರುತ್ತದೆ. ಗುರುತುಚೀಟಿಯಿಲ್ಲದ ಕೇಬಲ್‌ಗಳು, ಹತ್ತು ವರ್ಷದ ಹಳೆಯ ಸ್ವಿಚ್, ಹಿಂದಿನವರು ಎಲ್ಲಿಯೂ ಬರೆದಿಡದ ಪಾಸ್‌ವರ್ಡ್ ಇವಾವುವೂ ಪಠ್ಯದಲ್ಲಿ ಇರುವುದಿಲ್ಲ. ವ್ಯವಸ್ಥೆ ಕೆಟ್ಟಾಗ ಯಾವುದನ್ನು ಮುಟ್ಟಬಾರದೆಂಬ ವಿವೇಕವೂ ಅನುಭವದಿಂದಲೇ ದೊರೆಯುವಂಥದ್ದು.

ಹಿಂದಿನ ಪಾಠ

1990ರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಎಂಸಿಎಸ್ಇ ಪ್ರಮಾಣಪತ್ರಕ್ಕೆ ಅಪಾರ ಬೇಡಿಕೆ ಉಂಟಾಯಿತು. ಸರ್ವರನ್ನು ಮುಟ್ಟದೆ, ಸೋರಿಕೆಯಾದ ಪ್ರಶ್ನೆಗಳನ್ನು ಕಂಠಪಾಠ ಮಾಡಿ ಉತ್ತೀರ್ಣರಾದವರೂ ಇದ್ದರು. ಅಂಥವರಿಗೆ ಉದ್ಯಮವು ‘ಪೇಪರ್ ಎಂಸಿಎಸ್ಇ’ ಎಂಬ ಹೆಸರಿಟ್ಟಿತು. ಇದರಿಂದ ನಷ್ಟವಾದದ್ದು ಉದ್ಯೋಗದಾತರಿಗಷ್ಟೇ ಅಲ್ಲ. ಕಷ್ಟಪಟ್ಟು ಕಲಿತವರ ಪ್ರಮಾಣಪತ್ರವನ್ನೂ ಜನ ಅನುಮಾನದಿಂದ ನೋಡುವಂತಾಯಿತು. ಮೈಕ್ರೋಸಾಫ್ಟ್ 2021ರ ಜನವರಿಯಲ್ಲಿ ಎಂಸಿಎಸ್ಇಯನ್ನು ಕೊನೆಗೊಳಿಸಿತು.

ಎಲ್ಲ ಪ್ರಮಾಣಪತ್ರಗಳೂ ಒಂದೇ ಅಲ್ಲ

ರೆಡ್ ಹ್ಯಾಟ್ ಸಂಸ್ಥೆಯ ಆರ್‌ಎಚ್‌ಸಿಇ ಪರೀಕ್ಷೆಯಲ್ಲಿ ಉತ್ತರ ಗುರುತಿಸುವ ಪ್ರಶ್ನೆಗಳಿಲ್ಲ. ಅಭ್ಯರ್ಥಿಯು ಯಂತ್ರದ ಮುಂದೆ ಕುಳಿತು ಕೆಲಸವನ್ನೇ ಮಾಡಿ ತೋರಿಸಬೇಕು. ಸಿಸ್ಕೋದ ಸಿಸಿಐಇ ಪಡೆಯಲು 8 ಗಂಟೆಗಳ ಪ್ರಯೋಗ ಪರೀಕ್ಷೆ ಎದುರಿಸಬೇಕು. ಮಾಹಿತಿ ಸುರಕ್ಷತೆಯ ಸಿಐಎಸ್ಎಸ್‌ಪಿಗೆ ಸಾಮಾನ್ಯವಾಗಿ 5 ವರ್ಷಗಳ ಕಾರ್ಯಾನುಭವ ಅಗತ್ಯ. ಅನುಭವವಿಲ್ಲದೆ ಉತ್ತೀರ್ಣರಾದವರಿಗೆ ‘ಅಸೋಸಿಯೇಟ್’ ಸ್ಥಾನ ಮಾತ್ರ ದೊರೆಯುತ್ತದೆ, ಅನುಭವ ಗಳಿಸಲು 6 ವರ್ಷಗಳ ಕಾಲಾವಕಾಶವಿರುತ್ತದೆ. ಅಂದರೆ ಓದಿನ ಜ್ಞಾನ ಬೇರೆ, ಕೆಲಸದ ಪಳಗಿಕೆ ಬೇರೆ ಎಂಬುದನ್ನು ಪ್ರಮಾಣಪತ್ರ ನೀಡುವ ಸಂಸ್ಥೆಗಳೇ ಒಪ್ಪಿಕೊಂಡಿವೆ.

ಉದ್ದಿಮೆದಾರರು ಗಮನಿಸಬೇಕಾದದ್ದು

1. ಪ್ರಮಾಣಪತ್ರವು ಅಸಲಿಯೇ, ಅದರ ಅವಧಿ ಮುಗಿದಿಲ್ಲವೇ ಎಂಬುದನ್ನು ಅದನ್ನು ನೀಡಿದ ಸಂಸ್ಥೆಯ ಮೂಲಕವೇ ಪರಿಶೀಲಿಸಬೇಕು.

2. ಸಂದರ್ಶನದ ಜೊತೆಗೆ ಒಂದು ಗಂಟೆಯ ಕೆಲಸ ಕೊಡಬೇಕು. ಬಳಕೆಯಲ್ಲಿಲ್ಲದ ಗಣಕಯಂತ್ರದಲ್ಲಿ ಬ್ಯಾಕಪ್‌ನಿಂದ ಕಡತವನ್ನು ಮರಳಿ ತರುವುದು, ನೆಟ್‌ವರ್ಕಿಗೆ ಪ್ರಿಂಟರ್ ಜೋಡಿಸುವುದು ಇಂತಹ ಕೆಲಸ ಸಾಕು. ಫಲಿತಾಂಶಕ್ಕಿಂತಲೂ ಆತ ದೋಷವನ್ನು ಹುಡುಕುವ ಕ್ರಮವನ್ನು ಗಮನಿಸಬೇಕು.

3. ಉದ್ಯೋಗವಿಲ್ಲದಿದ್ದರೂ ಮನೆಯಲ್ಲಿ ಅಭ್ಯಾಸ ಮಾಡಲು ಅವಕಾಶವಿದೆ. ನೆಟ್‌ವರ್ಕ್ ಅಭ್ಯಾಸಕ್ಕೆ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ದೊರೆಯುತ್ತದೆ. ‘ಏನನ್ನು ಕೆಡಿಸಿಕೊಂಡೆ, ಹೇಗೆ ಸರಿಪಡಿಸಿದೆ’ ಎಂಬ ಪ್ರಶ್ನೆಗೆ ವಿವರವಾಗಿ ಉತ್ತರಿಸುವವನು ಕೇವಲ ಓದಿದವನಲ್ಲ.

4. ಹೊಸಬರಿಗೆ ಮೊದಲ ಮೂರು ತಿಂಗಳು ಸರ್ವರಿನ ಸಂಪೂರ್ಣ ಅಧಿಕಾರ ಕೊಡದೆ, ಅನುಭವಿ ಗುತ್ತಿಗೆ ಎಂಜಿನಿಯರ್ ಒಬ್ಬರ ಕೈಕೆಳಗೆ ಪಳಗಿಸುವುದು ಒಳಿತು. ಮುಖ್ಯ ಪಾಸ್‌ವರ್ಡ್‌ಗಳ ಪ್ರತಿ ಮಾಲೀಕರ ಬಳಿ ಇರಲೇಬೇಕು.

5. 1961ರ ಅಪ್ರೆಂಟಿಸ್ ಕಾಯಿದೆಯಡಿ ತರಬೇತುದಾರರನ್ನು ತೆಗೆದುಕೊಳ್ಳುವ ಮಾರ್ಗವೂ ಉಂಟು. 2019ರ ತಿದ್ದುಪಡಿಯ ನಿಯಮಗಳಂತೆ 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳಿಗೆ ಇದು ಕಡ್ಡಾಯ, 4ರಿಂದ 29 ಸಿಬ್ಬಂದಿಯಿರುವವರಿಗೆ ಐಚ್ಛಿಕ.

ಅನುಭವವಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ಬದಿಗಿಟ್ಟರೆ, ಕಲಿಯಬಲ್ಲ ಯುವಕನನ್ನೋ ಯುವತಿಯನ್ನೋ ಕಳೆದುಕೊಂಡಂತಾಗುತ್ತದೆ. ಎಲ್ಲರೂ ಹೀಗೆಯೇ ಮಾಡಿದರೆ ಅನುಭವ ಗಳಿಸುವ ಅವಕಾಶವೇ ಅವರಿಗೆ ಒದಗುವುದಿಲ್ಲ. ಪ್ರಮಾಣಪತ್ರವನ್ನೇ ಅನುಭವವೆಂದು ಭಾವಿಸಿ ಮೊದಲ ದಿನವೇ ಸರ್ವರನ್ನು ಒಪ್ಪಿಸಿದರೆ, ಹಲವು ವರ್ಷಗಳ ಲೆಕ್ಕಪತ್ರಗಳನ್ನೇ ಪಣಕ್ಕೆ ಒಡ್ಡಿದಂತಾಗುತ್ತದೆ. ಪ್ರಮಾಣಪತ್ರವನ್ನು ನೋಡಿ ಸಂದರ್ಶನಕ್ಕೆ ಕರೆಯುವುದು, ಕೆಲಸವನ್ನು ನೋಡಿ ಜವಾಬ್ದಾರಿ ವಹಿಸುವುದು ಸಣ್ಣ ಉದ್ದಿಮೆಗೆ ಯೋಗ್ಯವಾದ ಕ್ರಮ.