ಕಪಾಟು ನೀವೇ ಮಾಡಿ ನೋಡಿ

ಅಡುಗೆಮನೆಯಲ್ಲಿ ಡಬ್ಬಗಳಿಗೆ ಜಾಗ ಸಾಲುತ್ತಿರಲಿಲ್ಲ. ಬಡಗಿಯವರನ್ನು ಕೇಳಿದರೆ ‘ಇಷ್ಟು ಚಿಕ್ಕ ಕೆಲಸಕ್ಕೆ ಬರೋಕಾಗಲ್ಲ ಮೇಡಂ’ ಅಂದರು. ಸರಿ, ನಾನೇ ಮಾಡ್ತೀನಿ ಎಂದು ಬಾಲ್ಕನಿಯಲ್ಲೇ ಕೆಲಸ ಶುರು ಮಾಡಿದೆ. ಮೊದಲ ಕಪಾಟು ಎಷ್ಟು ಸೊಟ್ಟಗಾಯಿತೆಂದರೆ ಬಾಗಿಲೇ ಮುಚ್ಚಲಿಲ್ಲ. ನಮ್ಮೆಜಮಾನ್ರು ನಕ್ಕಿದ್ದೇ ನಕ್ಕಿದ್ದು! ಎರಡನೆಯದು ಸರಿಯಾಯಿತು. ನೀವು ನನ್ನ ತಪ್ಪು ಮಾಡಬೇಡಿ.

ಅಳತೆ ಮೊದಲು: 60 ಸೆಂ.ಮೀ. ಅಗಲ, 75 ಸೆಂ.ಮೀ. ಎತ್ತರ, 30 ಸೆಂ.ಮೀ. ಆಳದ ಕಪಾಟಿಗೆ 18 ಮಿ.ಮೀ. ಪ್ಲೈವುಡ್ ಸಾಕು. ಸಿಂಕ್ ಹತ್ತಿರವಾದರೆ ಐಎಸ್ 710 ಗುರುತಿರುವುದನ್ನೇ ಕೇಳಿ, ಅದು ನೀರಿಗೆ ತಡೆಯುತ್ತದೆ. ಮೇಲಿನ, ಕೆಳಗಿನ ಹಲಗೆ ಎರಡು ಪಕ್ಕಗಳ ನಡುವೆ ಕೂರುವುದರಿಂದ ಅವುಗಳ ಉದ್ದ 60 ಅಲ್ಲ, 56.4 ಸೆಂ.ಮೀ. ಪ್ಲೈವುಡ್ ದಪ್ಪ ಕಳೆಯುವುದನ್ನು ಮರೆಯಬೇಡಿ. ಅಳತೆ ಬರೆದುಕೊಟ್ಟರೆ ಎಷ್ಟೋ ಅಂಗಡಿಗಳಲ್ಲಿ ಮಶೀನಿನಲ್ಲೇ ಕತ್ತರಿಸಿ ಕೊಡುತ್ತಾರೆ.

ಜೋಡಣೆ: ಸ್ಕ್ರೂ ಹಾಕುವ ಮುನ್ನ ಅದಕ್ಕಿಂತ ಸಣ್ಣ ತೂತು ಕೊರೆಯಿರಿ, ಇಲ್ಲದಿದ್ದರೆ ಪ್ಲೈ ಅಂಚು ಸೀಳುತ್ತದೆ. ಮರದ ಅಂಟು ಹಚ್ಚಿ, ಸ್ಕ್ರೂ ಹಾಕಿ. ಈಗ ಬರುತ್ತದೆ ನಾನು ಬಿಟ್ಟಿದ್ದ ಹೆಜ್ಜೆ! ಅಂಟು ಒಣಗುವ ಮೊದಲೇ ಟೇಪಿನಿಂದ ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಎರಡೂ ಕಡೆ ಒಂದೇ ಅಳತೆ, ಅಂದರೆ ಸುಮಾರು 96 ಸೆಂ.ಮೀ. ಬರಬೇಕು. ಹೆಚ್ಚು ಕಡಿಮೆಯಾದರೆ ಉದ್ದ ಬಂದ ಮೂಲೆಗಳನ್ನು ಮೆಲ್ಲಗೆ ಒತ್ತಿ ಸರಿಮಾಡಿ. ಆಮೇಲೆ ಹಿಂಬದಿಗೆ 6 ಮಿ.ಮೀ. ಪ್ಲೈ ಹೊಡೆದರೆ ಕಪಾಟು ಮತ್ತೆ ಸೊಟ್ಟಗಾಗದು. ಬಾಗಿಲು ಕೊನೆಗೆ.

ಗೋಡೆಗೆ ಹಾಕುವಾಗ: ತೆಳು ಹಿಂಬದಿಗೆ ಮಾತ್ರ ಸ್ಕ್ರೂ ಹೊಡೆದು ನೇತುಹಾಕಬೇಡಿ. ಬೇಳೆ ಡಬ್ಬಗಳ ಭಾರಕ್ಕೆ ಕಿತ್ತು ಬಂದರೆ ಕೆಳಗೆ ನಿಂತವರ ಗತಿ? ಒಳಗೆ, ಮೇಲಿನ ಹಲಗೆಯ ಕೆಳಗೆ 18 ಮಿ.ಮೀ. ಪ್ಲೈ ಪಟ್ಟಿಯನ್ನು ಪಕ್ಕಗಳಿಗೂ ಮೇಲಿನ ಹಲಗೆಗೂ ಅಂಟು, ಸ್ಕ್ರೂ ಹಾಕಿ ಬಿಗಿಯಿರಿ. ಆ ಪಟ್ಟಿಯ ಮೂಲಕ ಗೋಡೆಗೆ ಪ್ಲಗ್ ಹಾಕಿ ಉದ್ದ ಸ್ಕ್ರೂ ಬಿಗಿಯಿರಿ. ಕೊರೆಯುವ ಜಾಗದಲ್ಲಿ ವೈರು, ನೀರಿನ ಪೈಪು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ನೆನಪಿಡಿ:
* ಕೊರೆಯುವಾಗ ಕನ್ನಡಕ, ಉಜ್ಜುವಾಗ ಮಾಸ್ಕ್ ಇರಲಿ.
* ಸೆರಗು, ದುಪಟ್ಟಾ ಬಿಗಿಯಾಗಿ ಕಟ್ಟಿ, ಮಕ್ಕಳನ್ನು ದೂರವಿಡಿ.
* ತೆರೆದ ಅಂಚುಗಳಿಗೆ ಪಟ್ಟಿ ಅಂಟಿಸಿ, ತೇವ ಒಳಗಿಳಿಯದು.

ಈಗ ಬೆಳಿಗ್ಗೆ ಆ ಕಪಾಟಿನಿಂದ ಕಾಫಿಪುಡಿ ತೆಗೆಯೋರು ನಮ್ಮೆಜಮಾನ್ರೇ. ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ. ನಗು ಮಾತ್ರ ನಂದು!