ದೋಣಿಗೆ ಎಷ್ಟು ಜನ?

ಪ್ರಶ್ನೆ: ಪ್ರವಾಸಿ ದೋಣಿಯಲ್ಲಿ ಜಾಗವಿದ್ದರೂ ‘ಭರ್ತಿ’ ಅಂತಾರಲ್ಲ, ಯಾಕೆ? – ಓದುಗರೊಬ್ಬರು, ಗೋರಂಟ್ಲ

ಉತ್ತರ: ಚಿತ್ರಾವತಿ ನದಿ ಬಹುಪಾಲು ಒಣಗಿಯೇ ಇರುವ ಊರಿನಿಂದ ದೋಣಿಯ ಪ್ರಶ್ನೆ, ಭಲೇ! ಮಿತಿ ಸೀಟಿನ ಲೆಕ್ಕವಷ್ಟೇ ಅಲ್ಲ, ದೋಣಿ ಮಗುಚದೆ ನಿಲ್ಲುವ ಲೆಕ್ಕ. ಮೇಲಂತಸ್ತಿಗೆ ಜನ ಹತ್ತಿದಷ್ಟೂ ಭಾರದ ಕೇಂದ್ರ ಮೇಲೇರುತ್ತದೆ. ಆಗ ಎಲ್ಲರೂ ಒಂದೇ ಮಗ್ಗುಲಿಗೆ ಸರಿದರೆ ಮುಗಿಯಿತು. 2009ರಲ್ಲಿ ಕೇರಳದ ತೇಕ್ಕಡಿಯಲ್ಲಿ ‘ಜಲಕನ್ಯಕ’ ಎಂಬ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. 2023ರಲ್ಲಿ ಅದೇ ರಾಜ್ಯದ ತಾನೂರಿನಲ್ಲಿ 22 ಜನ. ಅಲ್ಲಿ ಮಿತಿಮೀರಿ ಹತ್ತಿಸಿಕೊಂಡಿದ್ದರು.

2021ರ ಒಳನಾಡು ಹಡಗುಗಳ ಕಾಯ್ದೆಯಂತೆ ಯಂತ್ರದ ದೋಣಿಗೆ ಸರ್ವೆ, ನೋಂದಣಿ ಎರಡೂ ಬೇಕು. ನಡೆಸುವವನಿಗೆ ಪ್ರತ್ಯೇಕ ಅರ್ಹತಾ ಪತ್ರ ಬೇಕು, ಲಾರಿ ಲೈಸೆನ್ಸ್ ನಡೆಯದು. ಅಮೆರಿಕದಲ್ಲಂತೂ ಬಾಡಿಗೆ ಕೊಟ್ಟ ಪ್ರಯಾಣಿಕರು ಆರು ದಾಟಿದರೆ ಕ್ಯಾಪ್ಟನ್‌ಗೆ ಮೇಲ್ದರ್ಜೆಯ ಲೈಸೆನ್ಸೇ ಆಗಬೇಕು. ಹತ್ತುವ ಮುಂಚೆ ದೋಣಿಯ ಜನಮಿತಿ ಎಷ್ಟೆಂದು ಕೇಳಿ, ಲೈಫ್ ಜಾಕೆಟ್ ಬಿಗಿದುಕೊಳ್ಳಿ.